ಬುಧನಿಗಿಂತ ಶುಕ್ರ ಯಾಕೆ ಜಾಸ್ತಿ ಬಿಸಿ?

ಸೂರ್ಯನಿಗೆ ಹತ್ತಿರ ಇರುವುದು ಬುಧ, ಆದರೂ ಶುಕ್ರನೇ ಜಾಸ್ತಿ ಬಿಸಿ ಯಾಕೆ ಎಂದು ಕೇಳಿದ್ದೀರಿ. ನನಗೂ ಮೊದಲು ಇದೇ ಗೊಂದಲ ಇತ್ತು.

ಬುಧನಲ್ಲಿ ಗಾಳಿ ಇಲ್ಲವೆಂದೇ ಹೇಳಬಹುದು. ಹಗಲಲ್ಲಿ ಸುಮಾರು 430 ಡಿಗ್ರಿ ಸೆಲ್ಸಿಯಸ್ ಕಾಯುತ್ತದೆ. ರಾತ್ರಿ ಬಿಸಿಯೆಲ್ಲಾ ಹಾರಿಹೋಗಿ ಮೈನಸ್ 180ಕ್ಕೆ ಇಳಿಯುತ್ತದೆ. ಶುಕ್ರನದು ಬೇರೆ ಕಥೆ. ಅಲ್ಲಿನ ದಟ್ಟ ಗಾಳಿಯಲ್ಲಿ ಶೇಕಡಾ 96ರಷ್ಟು ಕಾರ್ಬನ್ ಡೈಆಕ್ಸೈಡ್. ಒಳಗೆ ಬಂದ ಶಾಖ ಸುಲಭಕ್ಕೆ ಹೊರಗೆ ಹೋಗುವುದಿಲ್ಲ. ಹಗಲು ರಾತ್ರಿ ಎನ್ನದೆ ನೆಲ ಸುಮಾರು 465 ಡಿಗ್ರಿ, ಸೀಸ ಇಟ್ಟರೆ ಕರಗಿ ಹರಿಯುತ್ತದೆ! ಒತ್ತಡವೂ ಭೂಮಿಯ 90 ಪಟ್ಟು.

1982ರಲ್ಲಿ ಅಲ್ಲಿ ಇಳಿದ ಸೋವಿಯತ್ ನೌಕೆ ವೆನೆರಾ 13, ಬಣ್ಣದ ಫೋಟೊ ಕಳಿಸಿ 127 ನಿಮಿಷಕ್ಕೆ ಸುಮ್ಮನಾಯಿತು. ಅಷ್ಟು ಬಾಳಿದ್ದೇ ದೊಡ್ಡದು ಬಿಡಿ, ಅದನ್ನು ಕಟ್ಟಿದ್ದು 32 ನಿಮಿಷ ಬಾಳಿದರೆ ಸಾಕು ಎಂದು.