ಹಳೇ ಸ್ಟರ್ನ್ ಡ್ರೈವ್‌ನ ಎಣ್ಣೆ ಹಾಲಿನಂತಾಗಿದೆ, ಹುಬ್ಬಳ್ಳಿಯಲ್ಲಿ ರಿಪೇರಿ ಆಗುತ್ತದಾ?

ಆಗುತ್ತದೆ. ಆದರೆ ಎಣ್ಣೆ ಬದಲಿಸಿ ಕೈ ತೊಳೆದುಕೊಂಡರೆ ಆಗುವುದಿಲ್ಲ. ಎಣ್ಣೆಗೆ ನೀರು ಸೇರಿದರೇ ಅದು ಹಾಲಿನಂತಾಗುವುದು. ಆ ನೀರು ಎಲ್ಲಿಂದ ಒಳಗೆ ಬಂತು ಅಂತ ಸಿಗುವ ತನಕ ಆ ಬೋಟನ್ನು ನೀರಿಗೆ ಇಳಿಸಬೇಡಿ.

ಬೇರೆಯವರಿಗೂ ಗೊತ್ತಾಗಲಿ ಅಂತ ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಕಾರವಾರದಲ್ಲಿರುವ ನಿಮ್ಮ ಮಾವನವರ ಹತ್ತಿರ 1985ರ ಒಂದು ಸಣ್ಣ ಫೈಬರ್ ಬೋಟ್ ಇದೆ. ಬೋಟಿನ ಒಳಗೆ ಮರ್‌ಕ್ರೂಸರ್ 140 ಇಂಜಿನ್, ಹಿಂದೆ ಹೊರಗೆ ಅದರ ಗೇರಿನ ಕಾಲು, ಅಂದರೆ ಆಲ್ಫಾ ಒನ್ ಸ್ಟರ್ನ್ ಡ್ರೈವ್. ಡ್ರೈವ್ ಎಣ್ಣೆ ಬೆಳ್ಳಗಾಗಿದೆ. ಸ್ಟಿಯರಿಂಗ್ ತಿರುಗಿಸಿದರೆ ಹಿಂದೆ ಗುರ್ ಅಂತ ಸದ್ದು. ನ್ಯೂಟ್ರಲ್‌ಗೆ ತಂದರೆ ಇಂಜಿನ್ ಬಂದ್ ಬೀಳುತ್ತದೆ. ನೀವಿರುವುದು ಧಾರವಾಡದಲ್ಲಿ. ಇದನ್ನು ಬಿಚ್ಚಿ ಸರಿ ಮಾಡಿಸಬೇಕಾ, ಇಲ್ಲ ತೆಗೆದುಹಾಕಿ ಔಟ್‌ಬೋರ್ಡ್ (ಹಿಂದಿನ ಗೋಡೆಗೆ ಹೊರಗಿನಿಂದ ತಗಲಿಸುವ ಇಂಜಿನ್) ಕೂರಿಸಬೇಕಾ ಅಂತ ಕೇಳಿದ್ದೀರಿ.

ನಮ್ಮದು ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಸಣ್ಣ ಲೇತ್ ಶಾಪ್. ಟ್ರ್ಯಾಕ್ಟರ್, ಲಾರಿ ಗೇರ್‌ಬಾಕ್ಸೇ ಜಾಸ್ತಿ. ಕರಾವಳಿ ಕಡೆಯವರು ಒಬ್ಬರು ಒಂದು ಡ್ರೈವ್ ತಂದರು. ಅವರ ಮಾತು ಕೇಳಿ ಇನ್ನೊಬ್ಬರು ತಂದರು. ಹಾಗೆ ಈ ಕೆಲಸ ಕೈಗೆ ಹತ್ತಿತು, ಮನಸ್ಸಿಗೂ ಹತ್ತಿತು.

ಮೊದಲು ಒಂದು ಸುತ್ತಿಗೆ ತಗೊಳ್ಳಿ. ಬೋಟಿನ ಹಿಂದಿನ ಗೋಡೆ ಇದೆಯಲ್ಲ, ಟ್ರಾನ್ಸಮ್, ಅದನ್ನು ಸುತ್ತಿಗೆಯ ಹಿಡಿಕೆಯಿಂದ ಮೆಲ್ಲಗೆ ಬಡಿಯುತ್ತಾ ಹೋಗಿ. ಕಲ್ಲಂಗಡಿ ತಟ್ಟಿ ನೋಡುತ್ತೀವಲ್ಲ, ಹಾಗೆ. ಎಲ್ಲ ಕಡೆ ಟಣ್ ಅಂದರೆ ಒಳಗಿನ ಕಟ್ಟಿಗೆ ಗಟ್ಟಿ ಇದೆ. ಡ್ರೈವ್ ಸುತ್ತ ಮಾತ್ರ ದಪ್ ದಪ್ ಅಂದರೆ ಪ್ಲೈವುಡ್ ಕೊಳೆತಿದೆ ಅಂತ ಅರ್ಥ. ಕೊಳೆತಿದ್ದರೆ ಡ್ರೈವ್ ರಿಪೇರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಔಟ್‌ಬೋರ್ಡ್ ಕೂರಿಸಬೇಕಾದರೂ ಆ ಗೋಡೆ ಗಟ್ಟಿ ಇರಲೇಬೇಕು. ಜೊತೆಗೆ ಈಗಿರುವ ದೊಡ್ಡ ಕಿಂಡಿ ಮುಚ್ಚಿಸಬೇಕು, ಸ್ಟಿಯರಿಂಗ್, ಕೇಬಲ್ ಎಲ್ಲ ಬದಲಿಸಬೇಕು. ಗೋಡೆ ಗಟ್ಟಿ ಇದ್ದು ಗೇರ್ ಹಲ್ಲು ಮುರಿದಿಲ್ಲ ಅಂದರೆ, ನನ್ನ ಮಾತು ಕೇಳಿ, ಇದನ್ನೇ ಉಳಿಸಿಕೊಳ್ಳಿ. ಆ 140 ಅಂದರೆ ಜನರಲ್ ಮೋಟರ್ಸ್‌ನ 3 ಲೀಟರ್, ನಾಲ್ಕು ಸಿಲಿಂಡರ್ ಇಂಜಿನ್. ಕಾರ್ಬೊರೇಟರ್, ಡಿಸ್ಟ್ರಿಬ್ಯೂಟರ್ ಇರುವ ಸರಳ ಇಂಜಿನ್. ಹಳೇ ಪೆಟ್ರೋಲ್ ಗಾಡಿ ಮಾಡಿದ ಮಿಸ್ತ್ರಿಗೆ ಅದು ಕಷ್ಟವೇ ಅಲ್ಲ.

ಈ ಡ್ರೈವ್‌ನಲ್ಲಿ ಆಗುವುದು ಇಷ್ಟೇ. ಇಂಜಿನ್ ಬೋಟಿನ ಒಳಗೆ, ಗೇರಿನ ಕಾಲು ಹೊರಗೆ. ಶಕ್ತಿ ಗೋಡೆ ದಾಟಿ ಹೊರಗೆ ಬಂದು, ಕೆಳಕ್ಕೆ ತಿರುಗಿ, ಮತ್ತೆ ಹಿಂದಕ್ಕೆ ತಿರುಗಿ ಪ್ರೊಪೆಲ್ಲರ್‌ಗೆ ಹೋಗುತ್ತದೆ. 1959ರಲ್ಲಿ ವೋಲ್ವೊ ಪೆಂಟಾ ಅಕ್ವಾಮ್ಯಾಟಿಕ್ ತಂದಾಗಲೂ ಇದೇ ಕಲ್ಪನೆ. ಆದರೆ ಶಾಫ್ಟ್ ಗೋಡೆ ದಾಟುವ ಜಾಗ ನೀರಿನ ಮಟ್ಟಕ್ಕಿಂತ ಕೆಳಗೆ ಬರುತ್ತದೆ. ಕಾಲು ಎಡಕ್ಕೆ ಬಲಕ್ಕೆ ತಿರುಗಬೇಕು, ಮೇಲೆ ಕೆಳಗೆ ಏಳಬೇಕು, ನೀರು ಮಾತ್ರ ಒಳಗೆ ಬರಬಾರದು. ಅಷ್ಟನ್ನೂ ತಡೆದು ನಿಂತಿರುವುದು ಒಂದು ಮಡಿಕೆ ಮಡಿಕೆಯ ರಬ್ಬರ್ ಕೊಳವೆ. ಅದೇ ಬೆಲ್ಲೋಸ್. ಅದು ಹರಿದರೆ ದಡಕ್ಕೆ ಕಟ್ಟಿದ ಬೋಟ್ ರಾತ್ರಿ ಬೆಳಗಾಗುವುದರೊಳಗೆ ಮುಳುಗಬಹುದು.

ಬೆಲ್ಲೋಸ್ ನೋಡುವಾಗ ಹೊರಗಿನಿಂದ ನೋಡಿ ಚೆನ್ನಾಗಿದೆ ಅನ್ನಬೇಡಿ. ಡ್ರೈವ್ ಪೂರ್ತಿ ಒಂದು ಕಡೆ ತಿರುಗಿಸಿ, ಮೊಬೈಲ್ ಟಾರ್ಚ್ ಹಿಡಿದು, ಹೆಬ್ಬೆರಳಿನಿಂದ ಒಂದೊಂದು ಮಡಿಕೆ ಅಗಲಿಸಿ ನೋಡಿ. ಮಡಿಕೆಯ ತಳದಲ್ಲಿ ಬೇಸಿಗೆಯ ಎರೆ ಹೊಲದಂತೆ ಸಣ್ಣ ಸಣ್ಣ ಬಿರುಕು ಕಂಡರೆ ಅದರ ಕಾಲ ಮುಗಿಯಿತು. ನೋಡಿದಾಗ ಚೆನ್ನಾಗಿದ್ದರೂ ಉಪ್ಪು ನೀರಿನ ಬೋಟಿಗೆ ನಾನು ಮೂರು ವರ್ಷಕ್ಕಿಂತ ಜಾಸ್ತಿ ಬಿಡುವುದಿಲ್ಲ. ಡ್ರೈವ್ ಮೇಲೆತ್ತಿ ತಿಂಗಳುಗಟ್ಟಲೆ ನಿಲ್ಲಿಸಿದ ಬೋಟಿನ ಬೆಲ್ಲೋಸ್ ಇನ್ನೂ ಬೇಗ ಹೋಗುತ್ತದೆ. ಒಂದು ಕಡೆ ಒತ್ತಿ, ಇನ್ನೊಂದು ಕಡೆ ಎಳೆದು ರಬ್ಬರ್ ಹಾಗೇ ಸೆಟೆದುಕೊಳ್ಳುತ್ತದೆ. ಟ್ರೇಲರ್ ಮೇಲೆ ಊರಿಗೆ ತರುವಾಗ ಎತ್ತಿರಲಿ. ಮನೆಗೆ ತಂದ ಮೇಲೆ ಕೆಳಗೆ ಇಳಿಸಿಬಿಡಿ.

ಆದರೆ ಇಡೀ ಬೋಟನ್ನು ಅರಬೈಲ್ ಘಟ್ಟ ಹತ್ತಿಸಿ ಇಲ್ಲಿಗೆ ತರುವ ಅಗತ್ಯವೇ ಇಲ್ಲ. ಡ್ರೈವ್ ಒಂದನ್ನೇ ಬಿಚ್ಚಿ ತನ್ನಿ. ಆಲ್ಫಾ ಒನ್ ಆದರೆ ಗೇರನ್ನು ಫಾರ್ವರ್ಡ್‌ಗೆ ಹಾಕಿಯೇ ಬಿಚ್ಚಬೇಕು, ವಾಪಸ್ ಕೂರಿಸುವಾಗಲೂ ಫಾರ್ವರ್ಡ್‌ನಲ್ಲೇ ಇರಬೇಕು. ಡ್ರೈವನ್ನು ಎತ್ತಿ ಇಳಿಸುವ ಟ್ರಿಮ್ ಸಿಲಿಂಡರ್‌ಗಳ ಹಿಂದಿನ ಪಿನ್ ತೆಗೆದು, ಕೆಳಗೆ ಗಟ್ಟಿ ಆಧಾರ ಕೊಟ್ಟು, ಆರು ನಟ್ ಬಿಚ್ಚಿ ನೇರವಾಗಿ ಹಿಂದಕ್ಕೆ ಎಳೆಯಿರಿ. ಇಬ್ಬರು ಎತ್ತುವಷ್ಟು ಭಾರ. ಹಿಡಿದಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ, ಬಾಡಿ ಅಲ್ಯೂಮಿನಿಯಂ. ಕಾರವಾರದಲ್ಲೇ ಒಂದು ದಿನ ಮೊದಲು ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ.

ಬಿಚ್ಚಿದ ಕೂಡಲೇ ಬೆಲ್ಲೋಸ್ ಒಳಗೆ ಕೈ ಹಾಕಿ ನೋಡಿ. ಒಳಗೆ ನೀರಿದ್ದರೆ ಅಥವಾ ಕ್ರಾಸ್‌ಗಳ (ಶಾಫ್ಟ್ ಬಾಗಿಕೊಂಡು ತಿರುಗಲು ಇರುವ ಕೀಲುಗಳ) ಮೇಲೆ ಕೆಂಪು ತುಕ್ಕಿದ್ದರೆ ಬೆಲ್ಲೋಸ್ ಸೋರುತ್ತಿದೆ. ಗೇರ್ ಎಣ್ಣೆಯೇ ಇದ್ದರೆ ಮೇಲಿನ ಗೇರ್‌ನ ಶಾಫ್ಟ್ ಸೀಲ್ ಹೋಗಿದೆ. ಒಣಗಿದ್ದರೆ ನೀರು ಬೇರೆ ಕಡೆಯಿಂದ ಬಂದಿದೆ. ಅರ್ಧ ಪತ್ತೆ ಅಲ್ಲೇ ಮುಗಿಯುತ್ತದೆ.

ಎಣ್ಣೆ ಇಳಿಸುವ ಮುಂಚೆ ಡ್ರೈವನ್ನು ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿಡಿ. ಬೆಳಿಗ್ಗೆ ಕೆಳಗಿನ ಸ್ಕ್ರೂವನ್ನು ಸ್ವಲ್ಪವೇ ಸಡಿಲಿಸಿ. ನೀರು ಭಾರ, ಅದೇ ಮೊದಲು ಬರುತ್ತದೆ. ಆ ಸ್ಕ್ರೂನ ತುದಿಯಲ್ಲಿ ಹೆಚ್ಚಾಗಿ ಅಯಸ್ಕಾಂತ ಇರುತ್ತದೆ. ಅದಕ್ಕೆ ಅಂಟಿದ್ದನ್ನು ಬೆರಳಲ್ಲಿ ತಿಕ್ಕಿ ನೋಡಿ. ಕಾಡಿಗೆಯಂತೆ ನುಣ್ಣಗಿದ್ದರೆ ಚಿಂತೆ ಇಲ್ಲ. ಬೆರಳಿಗೆ ಚುಚ್ಚುವ ಚೂರು ಇದ್ದರೆ ಗೇರ್ ಅಥವಾ ಬೇರಿಂಗ್ ಒಡೆದಿದೆ. ಆಗ ಲೆಕ್ಕವೇ ಬೇರೆ. ಗೇರ್ ಬದಲಿಸಿದರೆ ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ಹಲ್ಲಿನ ಸಡಿಲನ್ನು ಅಳೆದು ಕೂರಿಸಬೇಕು, ಅದಕ್ಕೆ ಆ ಡ್ರೈವ್‌ನದ್ದೇ ಅಳತೆ ಸಾಮಾನು ಬೇಕು. ಅಂಥ ಕೆಲಸ ನಾನು ತಗೊಳ್ಳುವುದಿಲ್ಲ. ಕೆಳಗಿನ ಭಾಗ ಪೂರ್ತಿ ಒಂದು ಸಿಕ್ಕರೆ ಅದನ್ನೇ ಹಾಕಿ ಅನ್ನುತ್ತೇನೆ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ, ನಿಮಗೆ ಉಪಯೋಗ ಆಗಲಿ. ಮೊದಲ ಡ್ರೈವ್ ಬಂದಾಗ ಪ್ರೊಪೆಲ್ಲರ್ ಶಾಫ್ಟ್‌ನ ಎರಡೂ ಸೀಲ್ ಬದಲಿಸಿ, ಹೊಸ ಎಣ್ಣೆ ತುಂಬಿ ಕಳಿಸಿದೆ. ಹದಿನೈದು ದಿನಕ್ಕೆ ಫೋನ್ ಬಂತು. "ಕಾಕಾ, ಎಣ್ಣಿ ಮತ್ತ ಹಾಲಾಗೇತ್ರಿ." ವಾಪಸ್ ತರಿಸಿ ಬಿಚ್ಚಿದೆ. ಸೀಲ್ ಹೊಸದೇ ಇತ್ತು, ಎಲ್ಲೂ ಹರಿದಿರಲಿಲ್ಲ. ಶಾಫ್ಟನ್ನು ಡೀಸೆಲ್‌ನಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿದೆ, ಕನ್ನಡಿಯಂತೆ ಹೊಳೆಯಿತು. ಆಮೇಲೆ ಉಗುರನ್ನು ಶಾಫ್ಟ್ ಉದ್ದಕ್ಕೂ ಎಳೆದೆ. ಸೀಲ್ ಕೂರುವ ಜಾಗದಲ್ಲಿ ಉಗುರು ಟಕ್ ಅಂತ ಸಿಕ್ಕಿತು. ಕಣ್ಣಿಗೆ ಕಾಣದ ಒಂದು ಗೆರೆ. ಹಳೇ ಸೀಲ್‌ನ ತುಟಿ ವರ್ಷಗಟ್ಟಲೆ ಉಜ್ಜಿ ತೋಡಿದ ಗೆರೆ ಅದು. ಹೊಸ ಸೀಲ್ ಅದೇ ಗೆರೆಯ ಮೇಲೆ ಕೂತಿತ್ತು. ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡಿದ್ದ ಮೀನುಗಾಳದ ನೈಲಾನ್ ದಾರವನ್ನೂ ನಾನು ಮೊದಲ ಸಲ ಗಮನಿಸಿರಲಿಲ್ಲ. ಅದು ಬಿಸಿಗೆ ಕರಗಿ ಬಳೆಯಂತೆ ಗಟ್ಟಿಯಾಗಿತ್ತು. ಶಾಫ್ಟ್‌ಗೆ ತೆಳು ಸ್ಟೀಲ್ ಸ್ಲೀವ್ ಹಾಕಿದೆ. ಆ ಡ್ರೈವ್ ಮತ್ತೆ ವಾಪಸ್ ಬರಲಿಲ್ಲ.

ಅಂದಿನಿಂದ ಗಾಳಿ ತುಂಬಿ ನೋಡದೆ ಯಾವ ಡ್ರೈವನ್ನೂ ಕಳಿಸುವುದಿಲ್ಲ. ಎಣ್ಣೆ ಖಾಲಿ ಮಾಡಿ, ಮೇಲಿನ ಸ್ಕ್ರೂ ತೂತಿಗೆ ಒಂದು ನಿಪ್ಪಲ್ ಹಾಕಿ, ಮೀಟರ್ ಇರುವ ಸೈಕಲ್ ಪಂಪ್‌ನಿಂದ 10ರಿಂದ 15 ಪಿಎಸ್‌ಐ ತುಂಬಿ. ಕಂಪ್ರೆಸರ್ ಹಚ್ಚಬೇಡಿ, ಚೆನ್ನಾಗಿರುವ ಸೀಲೂ ಹೊರಗೆ ಚಿಮ್ಮುತ್ತದೆ. ಆಮೇಲೆ ಸೋಪಿನ ನೀರು ಬಳಿಯಿರಿ. ಪ್ರೊಪೆಲ್ಲರ್ ಶಾಫ್ಟ್, ಗೇರ್ ಬದಲಿಸುವ ಶಾಫ್ಟ್, ಮೇಲಿನ ಮುಚ್ಚಳ, ಎರಡು ಭಾಗ ಕೂಡುವ ಜಾಗ, ಎಲ್ಲವನ್ನೂ ನೋಡಿ. ಶಾಫ್ಟ್‌ಗಳನ್ನು ಕೈಯಲ್ಲಿ ತಿರುಗಿಸುತ್ತಾ ನೋಡಿ, ಕೆಲವು ಸೀಲ್ ತಿರುಗುವಾಗ ಮಾತ್ರ ಬಿಡುತ್ತವೆ. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲೇ ನಿಮ್ಮ ನೀರಿನ ದಾರಿ. ಎಷ್ಟೋ ಸಲ ಅದು ಸ್ಕ್ರೂ ಕೆಳಗಿನ ಸಣ್ಣ ವಾಷರ್ ಆಗಿರುತ್ತದೆ. ಎಣ್ಣೆ ಬದಲಿಸಿದಾಗಲೆಲ್ಲ ಆ ವಾಷರ್ ಹೊಸದು ಹಾಕಬೇಕು, ಯಾರೂ ಹಾಕುವುದಿಲ್ಲ.

ಹುಬ್ಬಳ್ಳಿಯಲ್ಲಿ ಏನು ಕೊಳ್ಳಬಹುದು, ಏನು ಕೊಳ್ಳಬಾರದು ಅನ್ನುವುದೂ ಮುಖ್ಯ. ಬೇರಿಂಗ್ ಇಲ್ಲೇ ಸಿಗುತ್ತದೆ, ನಂಬರ್ ಹಿಡಿದು ಹೋಗಿ. ಕ್ರಾಸ್ ಅಳತೆ, ಲಾಕ್ ರಿಂಗ್ ಜಾಗ ಎರಡೂ ಸರಿ ಕೂತರೆ ಒಳ್ಳೆ ಕಂಪನಿಯದ್ದು ಹಾಕಬಹುದು. ಆದರೆ ಸೀಲ್ ಇಲ್ಲಿ ಕೊಳ್ಳಬೇಡಿ. ಈ ಡ್ರೈವ್ ಅಮೆರಿಕದ್ದು, ಅಳತೆ ಇಂಚಿನಲ್ಲಿದೆ. ಒಂದು ಇಂಚು ಅಂದರೆ 25.4 ಮಿ.ಮೀ. ಅಂಗಡಿಯವರು 25ರ ಸೀಲ್ ಕೊಟ್ಟು ಕೂರುತ್ತದೆ ಅನ್ನುತ್ತಾರೆ. ಕೂರುತ್ತದೆ, ಬಾಳುವುದಿಲ್ಲ. ಗಾಡಿ ಸೀಲ್‌ನ ಒಳಗಿನ ಸ್ಪ್ರಿಂಗ್ ಸಾದಾ ಉಕ್ಕಿನದ್ದು, ಉಪ್ಪು ನೀರಿಗೆ ತುಕ್ಕು ಹಿಡಿದು ಉದುರುತ್ತದೆ. ಬೆಲ್ಲೋಸ್, ಸೀಲ್ ಕಿಟ್, ನೀರಿನ ಪಂಪಿನ ಇಂಪೆಲ್ಲರ್ (ಒಳಗೆ ತಿರುಗುವ ರೆಕ್ಕೆಯ ಚಕ್ರ), ಈ ಮೂರು ಬೋಟಿನದ್ದೇ ತರಿಸಿ. ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಸ್ಟಾರ್ಟರ್, ಆಲ್ಟರ್ನೇಟರ್ ಹೋದರೆ ಕಾರಿನದ್ದು ಹಾಕಿಸಬೇಡಿ, ಹೊರಗಿನಿಂದ ಒಂದೇ ಥರ ಕಂಡರೂ ಸರಿ. ಬೋಟಿನದ್ದರಲ್ಲಿ ಕಿಡಿ ಹೊರಗೆ ಬರದಂತೆ ಮುಚ್ಚಿರುತ್ತಾರೆ. ಇಂಜಿನ್ ಗೂಡಿನಲ್ಲಿ ಪೆಟ್ರೋಲ್ ಹಬೆ ನಿಂತಿದ್ದಾಗ ಒಂದು ಕಿಡಿ ಸಾಕು. ಸ್ಟಾರ್ಟ್ ಮಾಡುವ ಮುಂಚೆ ನಾಲ್ಕು ನಿಮಿಷ ಬ್ಲೋವರ್ (ಆ ಹಬೆಯನ್ನು ಹೊರಗೆ ಹಾಕುವ ಫ್ಯಾನ್) ಹಾಕುವುದನ್ನು ಮಾವನವರಿಗೂ ಹೇಳಿ.

ನಿಮ್ಮ ಗುರ್ ಸದ್ದು ಗಿಂಬಲ್ ಬೇರಿಂಗಿನದ್ದು, ಅಂದರೆ ಗೋಡೆ ದಾಟುವ ಶಾಫ್ಟನ್ನು ಹಿಡಿದಿರುವ ಬೇರಿಂಗಿನದ್ದು ಇರಬೇಕು. ತಿರುಗಿಸಿದಾಗ ಜಾಸ್ತಿ, ನೇರ ಹೋದಾಗ ಕಡಿಮೆ, ಅಲ್ವಾ? ಬೆಲ್ಲೋಸ್‌ನಿಂದ ನೀರು ಬಂದರೆ ಮೊದಲು ಸಾಯುವುದೇ ಆ ಬೇರಿಂಗ್. ಬದಲಿಸುವಾಗ ಇಂಜಿನ್ ನೇರ ಇದೆಯಾ ಅಂತಲೂ ನೋಡಬೇಕು. ಅದಕ್ಕೆ ಒಂದು ಉದ್ದನೆಯ ಸರಳು ಬರುತ್ತದೆ. ಬೇರಿಂಗ್ ತೂತಿನ ಮೂಲಕ ಹಾಕಿದರೆ ಅದು ಇಂಜಿನ್ ಕಪ್ಲರ್ (ಇಂಜಿನ್ನಿಗೂ ಶಾಫ್ಟಿಗೂ ನಡುವಿನ ಕೊಂಡಿ) ಒಳಗೆ ಎರಡು ಬೆರಳಿನ ಒತ್ತಿಗೆ ಜಾರಿ ಹೋಗಬೇಕು. ತುರುಕಬೇಕಾಗಿ ಬಂದರೆ ಮುಂದಿನ ಇಂಜಿನ್ ಮೌಂಟ್ ಎತ್ತಿ ಇಳಿಸಿ ಸರಿ ಮಾಡಬೇಕು. ಇದನ್ನು ಬಿಟ್ಟರೆ ಕಪ್ಲರ್‌ನ ಹಲ್ಲು ಸವೆದು ಇಂಜಿನ್ನೇ ಹೊರಗೆ ತೆಗೆಯುವ ಹಾಗಾಗುತ್ತದೆ. ನಾನು ಆ ಸರಳನ್ನು ಲೇತಿನಲ್ಲೇ ತಿರುಗಿಸಿ ಮಾಡಿಕೊಂಡಿದ್ದೇನೆ.

ನ್ಯೂಟ್ರಲ್‌ಗೆ ತಂದಾಗ ಬಂದ್ ಬೀಳುವುದಕ್ಕೆ ಕಾರ್ಬೊರೇಟರ್ ಮುಟ್ಟಬೇಡಿ. ಆಲ್ಫಾದಲ್ಲಿ ಗೇರ್ ಬಿಡಿಸುವ ಕ್ಷಣಕ್ಕೆ ಒಂದು ಸ್ವಿಚ್ ಇಂಜಿನ್ನಿನ ಕಿಡಿಯನ್ನು ಚೂರು ಹೊತ್ತು ತಡೆಯುತ್ತದೆ, ಗೇರ್ ಸಲೀಸಾಗಿ ಬಿಡಲಿ ಅಂತ. ಡ್ರೈವ್ ಕಡೆಯ ಕೇಬಲ್ ಒಳಗೆ ತುಕ್ಕು ಹಿಡಿದು ಬಿಗಿಯಾದರೆ ಆ ಸ್ವಿಚ್ ಒತ್ತಿದ್ದು ಒತ್ತಿದಂತೇ ಇರುತ್ತದೆ. ಹೆಚ್ಚಿನ ಸಲ ಕೇಬಲ್ ಬದಲಿಸಿದರೆ ಸರಿ ಹೋಗುತ್ತದೆ. ಅದರ ಸಣ್ಣ ಬೆಲ್ಲೋಸನ್ನೂ ಜೊತೆಗೇ ಬದಲಿಸಿ.

ಇಂಪೆಲ್ಲರ್ ಆಲ್ಫಾದಲ್ಲಿ ಡ್ರೈವ್ ಒಳಗೇ ಇದೆ, ಹೇಗೂ ಬಿಚ್ಚಿದ್ದೀರಿ, ಹೊಸದು ಹಾಕಿ. ಹಳೆಯದರ ರೆಕ್ಕೆ ಮುರಿದಿದ್ದರೆ ಆ ತುಂಡು ಹುಡುಕಿ ತೆಗೆಯಿರಿ, ಇಲ್ಲದಿದ್ದರೆ ನೀರಿನ ದಾರಿಯಲ್ಲಿ ಸಿಕ್ಕಿಕೊಂಡು ಇಂಜಿನ್ ಬಿಸಿಯಾಗುತ್ತದೆ. ನೀರಿಲ್ಲದೆ ಒಂದು ಕ್ಷಣವೂ ಓಡಿಸಬೇಡಿ. ನಮ್ಮ ಏರಿಯಾದಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಇಂಜಿನ್ ಓಡಿಸಿ ನೋಡುವಾಗ ಎರಡು ಬ್ಯಾರಲ್ ತುಂಬಿಟ್ಟು ಸಣ್ಣ ಮೋಟರ್‌ನಿಂದ ನೀರು ಕೊಡುವುದು ವಾಸಿ.

ಸತುವಿನ ತುಂಡುಗಳನ್ನೂ ನೋಡಿ. ಅವು ಡ್ರೈವ್ ಬದಲು ತಾವು ಸವೆಯಲು ಇರುವಂಥವು. ಅರ್ಧ ಕರಗಿದ್ದರೆ ಬದಲಿಸಿ, ಅವುಗಳಿಗೆ ಬಣ್ಣ ಬಳಿಯಬೇಡಿ. ಸಮುದ್ರ, ಕಾಳಿ ನದಿ ಎರಡರಲ್ಲೂ ಓಡಿಸುವುದಾದರೆ ಸತುವಿಗಿಂತ ಅಲ್ಯೂಮಿನಿಯಂನದ್ದು ಒಳ್ಳೆಯದು. ಮೆಗ್ನೀಸಿಯಂ ಸಿಹಿನೀರಿಗೆ ಮಾತ್ರ.

ಎಣ್ಣೆ 80ಡಬ್ಲ್ಯು-90, ಬೋಟಿನದ್ದೇ, ಎರಡು ಲೀಟರ್ ತಂದಿಟ್ಟರೆ ಸಾಕು. ಕೆಳಗಿನ ತೂತಿನಿಂದ ಮೇಲಕ್ಕೆ ಪಂಪ್ ಮಾಡಿ. ಮೇಲಿನಿಂದ ಸುರಿದರೆ ಗಾಳಿ ಒಳಗೇ ನಿಲ್ಲುತ್ತದೆ. ಮೇಲೆ ಗುಳ್ಳೆ ಇಲ್ಲದೆ ಎಣ್ಣೆ ಬಂದ ಮೇಲೆ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು. ಆರು ನಟ್‌ಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ, ಎಲ್ಲವನ್ನೂ ಸರದಿ ಮೇಲೆ ಬಿಗಿಯುತ್ತಾ ಟಾರ್ಕ್ ಸ್ಪ್ಯಾನರ್‌ನಲ್ಲಿ 50 ಪೌಂಡ್-ಫೂಟ್‌ಗೆ ತನ್ನಿ. ನೀರಿಗಿಳಿಸಿದ ಮೊದಲ ಅರ್ಧ ಗಂಟೆ ದಡ ಬಿಡಬೇಡಿ, ಒಬ್ಬರು ಇಂಜಿನ್ ಗೂಡಿನ ತಳ ನೋಡುತ್ತಿರಲಿ. ಐದಾರು ಗಂಟೆ ಓಡಿಸಿದ ಮೇಲೆ ಕೆಳಗಿನ ಸ್ಕ್ರೂ ಸಡಿಲಿಸಿ ನಾಲ್ಕು ಹನಿ ಬಿಳಿ ಕಾಗದದ ಮೇಲೆ ಹಿಡಿಯಿರಿ. ಮತ್ತೆ ಹಾಲಿನಂತಿದ್ದರೆ ನೀರು ಇನ್ನೂ ಬರುತ್ತಿದೆ.

ಬಿಚ್ಚಿದ ದಿನ ಬೆಲ್ಲೋಸ್ ಒಳಗಿನ ಫೋಟೊ, ಸ್ಕ್ರೂ ತುದಿಯ ಫೋಟೊ, ಡ್ರೈವ್ ಮೇಲಿನ ಸೀರಿಯಲ್ ನಂಬರ್, ಮೂರನ್ನೂ ಇಲ್ಲೇ ಹಾಕಿ. ಸೀಲ್ ಕಿಟ್ ಯಾವುದು ತರಿಸಬೇಕು ಅಂತ ನೋಡಿ ಹೇಳುತ್ತೇನೆ.