ಯಂತ್ರ ಬಂದರೆ ಕೆಲಸ ಹೋಗುತ್ತದೆ ಎಂದು ಕೆಲಸಗಾರರು ನಿಜಕ್ಕೂ ಹೆದರುತ್ತಾರೆಯೇ?

ಹೆದರುತ್ತಾರೆ, ಆದರೆ ಹೆಚ್ಚಾಗಿ ಬೇರೆಯವರ ಕೆಲಸದ ಬಗ್ಗೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯನ್ನೇ ನೋಡಿ. ಐವತ್ತು ವರ್ಷಗಳೊಳಗೆ ಮನುಷ್ಯರ ಎಷ್ಟೋ ಕೆಲಸಗಳನ್ನು ರೋಬೋಟ್, ಕಂಪ್ಯೂಟರ್‌ಗಳೇ ಮಾಡುತ್ತವೆ ಎಂದವರು ಶೇ 65. ತಮ್ಮ ಉದ್ಯೋಗ ಮಾತ್ರ ಹೀಗೆಯೇ ಉಳಿಯುತ್ತದೆ ಎಂದ ಕೆಲಸಗಾರರು ಶೇ 80! ಯಂತ್ರದಿಂದ ಈಗಿನ ಕೆಲಸ ಹೋದೀತು ಎಂಬ ಚಿಂತೆ ಇದ್ದದ್ದು ಶೇ 11 ಮಂದಿಗೆ. ತಾವು ದುಡಿಯುವ ಸಂಸ್ಥೆಯ ಕೆಟ್ಟ ಆಡಳಿತದಿಂದ ಕೆಲಸ ಹೋದೀತು ಎಂದು ಹೆದರಿದವರು ಶೇ 26.

ಅಂಗಳಕ್ಕೆ ಯಂತ್ರ ಬಂದಾಗ ಮಾತು ಬದಲಾಗುತ್ತದೆ. ನಮ್ಮ ಶಿರಸಿಯ ಕಡೆ ಅಡಿಕೆ ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ (ಕಾಲಲ್ಲಿ ಮೆಟ್ಟಿ ಹಿಡಿಯುವ ಸುಲಿಯುವ ಕತ್ತಿ) ಮುಂದೆ ಸಾಲಾಗಿ ಕುಳಿತು, ಹರಟುತ್ತ, ರಾತ್ರಿಯವರೆಗೂ ಸುಲಿಯುವ ಹೆಂಗಸರಿಗೆ ಸುಲಿದಷ್ಟಕ್ಕೆ ಕೂಲಿ. ಸುಲಿಯುವ ಯಂತ್ರ ಅವರ ಗಳಿಕೆಗೇ ನೇರವಾಗಿ ಕೈ ಹಾಕುತ್ತದೆ. ಕೊನೆಗೌಡರ, ಅಂದರೆ ಮರ ಹತ್ತಿ ಕೊನೆ (ಅಡಿಕೆ ಗೊನೆ) ಕೊಯ್ಯುವವರ, ವಿಷಯ ಹಾಗಲ್ಲ. ಮರ ಹತ್ತುವವರೇ ಸಿಗದಿದ್ದಾಗ ಫೈಬರ್ ದೋಟಿ, ಅಂದರೆ ತುದಿಗೆ ಕತ್ತಿಯಿರುವ ಉದ್ದನೆಯ ಹಗುರ ಕೋಲು, ಬಂತು. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಬಿದ್ದು ಸಾಯುವ ಭಯವಿಲ್ಲ. ಅದನ್ನು ಶತ್ರುವೆಂದು ಯಾರು ಎಣಿಸುತ್ತಾರೆ?

ಹಾಗಾಗಿ ನಾನು ಮೊದಲು ಕೇಳುವುದು ಇಷ್ಟೇ: ಯಂತ್ರ ಯಾರದು, ಉಳಿತಾಯದ ಹಣ ಯಾರ ಕೈಗೆ? ಸುಲಿಯುವ ಹೆಂಗಸರಿಗೇ ಯಂತ್ರ ನಡೆಸಲು ಕಲಿಸಿದ ಮನೆಗಳು ಎಷ್ಟಿವೆ?