ಅಕ್ಕನ ಹೆಸರಿಲ್ಲದ ವಂಶವೃಕ್ಷ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಅವರಿಗೆ 33 ವರ್ಷ. ವಂಶದ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ (ಜೆನೆಟಿಕ್ ಕೌನ್ಸೆಲಿಂಗ್) ನನ್ನ ಬಳಿಗೆ ಹೆಂಡತಿಯೇ ಕರೆತಂದಿದ್ದರು. ಆಕೆ ಸೋದರತ್ತೆಯ ಮಗಳು. "ಮಗು ಬೇಡ ಅಂತ ಹಟ ಹಿಡಿದಿದಾರೆ ಭಾವ," ಎಂದರು. ಗಂಡನ ಅಪ್ಪ 44ಕ್ಕೆ, ದೊಡ್ಡಪ್ಪ 42ಕ್ಕೆ, ಹೋದ ವರ್ಷ ಅಣ್ಣ 38ಕ್ಕೆ ಹೃದಯಾಘಾತದಲ್ಲಿ ತೀರಿಕೊಂಡಿದ್ದರು.

"ನಮ್ಮನೇಲಿ ಗಂಡಸರು ನಲವತ್ತೈದು ದಾಟಲ್ಲ ಮೇಡಂ. ಹುಟ್ಟಿಸಿ ತಬ್ಬಲಿ ಮಾಡೋದ್ಯಾಕೆ?"

ಫೈಲಿನಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 268; ತೀರಾ ಹೆಚ್ಚು. ವೈದ್ಯರು ಆಗಲೇ ಕಾಯಿಲೆ ಗುರುತಿಸಿದ್ದರು: ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟರಾಲೀಮಿಯಾ, ಅಂದರೆ ವಂಶದಲ್ಲೇ ಹರಿದುಬರುವ ಅತಿ ಕೊಲೆಸ್ಟರಾಲ್. ಈ ವಯಸ್ಸಿಗೇ ದಿನಾ ಮಾತ್ರೆ ಯಾಕೆ ಅಂತ ಯಾರೋ ಅಂದರಂತೆ, ಮೂರೇ ತಿಂಗಳಿಗೆ ಕೊಲೆಸ್ಟರಾಲ್ ಇಳಿಸುವ ಮಾತ್ರೆ ಸ್ಟಾಟಿನ್ ಬಿಟ್ಟಿದ್ದರು. ಚಪ್ಪಲಿ ಬಿಚ್ಚಿ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು (ಟೆಂಡನ್) ತೋರಿಸಿದರು. ಅದು ಗಂಟುಗಟ್ಟಿತ್ತು. ಚಪ್ಪಲಿ ಉಜ್ಜಿ ಹಾಗಾಗಿದೆ ಎಂದೇ ತಿಳಿದಿದ್ದರು, ಕೊಲೆಸ್ಟರಾಲ್ ಕೂತದ್ದೆಂದು ವೈದ್ಯರು ಹೇಳುವವರೆಗೆ. "ಅಣ್ಣನಿಗೂ ಹೀಗೇ ಇತ್ತು," ಎಂದು ಸುಮ್ಮನಾದರು. ನಾನೂ ಸ್ವಲ್ಪ ಹೊತ್ತು ಮಾತಾಡಿಸಲಿಲ್ಲ.

ರಕ್ತದಿಂದ ಕೆಟ್ಟ ಕೊಲೆಸ್ಟರಾಲನ್ನು ಎಳೆದುಕೊಳ್ಳುವುದು ಯಕೃತ್ತಿನ ಕೆಲಸ. ಅದಕ್ಕೆ ಬೇಕಾದ ಜೀನ್ ಅಪ್ಪನಿಂದೊಂದು, ಅಮ್ಮನಿಂದೊಂದು ಬರುತ್ತದೆ. ಒಂದು ಕೆಟ್ಟಿದ್ದರೂ ಹುಟ್ಟಿದಾಗಿನಿಂದಲೇ ರಕ್ತನಾಳದ ಗೋಡೆಯಲ್ಲಿ ಜಿಡ್ಡು ಕೂರುತ್ತಾ ಹೋಗುತ್ತದೆ. ತೆಳ್ಳಗಿದ್ದರೂ, ಸಿಗರೇಟು ಮುಟ್ಟದಿದ್ದರೂ ಅಷ್ಟೇ. ಸುಮಾರು 250 ಜನರಲ್ಲಿ ಒಬ್ಬರಿಗೆ ಇದಿದೆ. ಆದರೆ ಬೇಗ ಶುರುಮಾಡಿ ಬಿಡದೆ ನುಂಗಿದರೆ ಈ ಕಾಯಿಲೆ ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ. ಅಪ್ಪನಿಗೂ ಅಣ್ಣನಿಗೂ ಆ ಅವಕಾಶ ಸಿಗಲೇ ಇಲ್ಲ.

ವಂಶವೃಕ್ಷ ಬರೆಯಲು ಹಾಳೆ ಕೊಟ್ಟೆ. ಬರೀ ಗಂಡಸರ ಹೆಸರು ಬಂತು. "ಅಕ್ಕ ತಂಗಿಯರಿಲ್ಲವೇ?" "ಅಕ್ಕ ಇದಾಳೆ, ಕೊಟ್ಟ ಮನೇಲಿ. ಇದು ಗಂಡಸರ ಕಾಯಿಲೆ ಅಲ್ವಾ?"

ಅಲ್ಲ. ಮಗನಾಗಲಿ ಮಗಳಾಗಲಿ, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹೆಂಗಸರಲ್ಲಿ ಹೃದಯಾಘಾತ ಸಾಮಾನ್ಯವಾಗಿ ಕೆಲವು ವರ್ಷ ತಡವಾಗಿ ಬರುತ್ತದೆ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೆ ಇನ್ನೂ ದೊಡ್ಡ ಚಿಂತೆ ಹೆಂಡತಿಯದಾಗಿತ್ತು. ಅವರೂ ಅದೇ ರಕ್ತ. ಇಬ್ಬರಲ್ಲೂ ಈ ದೋಷವಿದ್ದರೆ ಮಗುವಿಗೆ ಎರಡೂ ಕೆಟ್ಟ ಜೀನ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು; ಆಗ ಎಳವೆಯಲ್ಲೇ ಹೃದಯಕ್ಕೆ ಪೆಟ್ಟು ಬೀಳಬಹುದು. ಸೋದರ ಸಂಬಂಧದ ಮದುವೆ ಇರುವ ಮನೆಗಳಲ್ಲಿ ನಾನಿದನ್ನು ಕೇಳದೆ ಬಿಡುವುದಿಲ್ಲ.

ಹೇಳಿದ್ದಿಷ್ಟು: ನಾಳೆಯೇ ಹೃದ್ರೋಗ ತಜ್ಞರನ್ನು ಕಂಡು ಮಾತ್ರೆ ಮತ್ತೆ ಶುರುಮಾಡಿ. ಹೆಂಡತಿ, ಅಕ್ಕ, ಅತ್ತೆ, ಅಕ್ಕನ ಮತ್ತು ಅಣ್ಣನ ಮಕ್ಕಳು ರಕ್ತದ ಕೊಲೆಸ್ಟರಾಲ್ (ಲಿಪಿಡ್) ಪರೀಕ್ಷೆ ಮಾಡಿಸಲಿ. ಜೀನ್ ಪರೀಕ್ಷೆ ಆಮೇಲೆ ನೋಡೋಣ. ಮಗು ಬೇಕೋ ಬೇಡವೋ ನೀವಿಬ್ಬರೇ ನಿರ್ಧರಿಸಿ, ಆದರೆ ಅಣ್ಣನ ವಯಸ್ಸು ಎಣಿಸಿ ನಿರ್ಧರಿಸಬೇಡಿ.

ಹೆಂಡತಿಯ ಎಲ್‌ಡಿಎಲ್ 104 ಬಂತು. ಅಕ್ಕನದು 241. ಮುಂದಿನ ಭೇಟಿಗೆ ಅಕ್ಕ, ಹನ್ನೊಂದು ವರ್ಷದ ಮಗಳ ಕೈ ಹಿಡಿದುಕೊಂಡು ಬಂದರು.